ಮನೆಯವರಿಗೆ ಗೊತ್ತಾಗದಷ್ಟು ಸಣ್ಣದು

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲ್ಲಾಳಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುವವನು. ಮೂವತ್ತೊಂದು ವರ್ಷಗಳಿಂದ ಅದೇ ಗಾದಿ, ಅದೇ ಗೋಡೆ. ಮೆಕ್ಕೆಜೋಳದ ಸೀಸನ್ನಿನಲ್ಲಿ ಬೆಳಿಗ್ಗೆ ಎಂಟಕ್ಕೆ ಕುಳಿತರೆ ರಾತ್ರಿ ಒಂಬತ್ತಕ್ಕೆ ಏಳುತ್ತೇನೆ. ನನ್ನ ಎದುರಿನಲ್ಲಿಯೇ ಹಮಾಲರು ದಿನವಿಡೀ ಚೀಲ ಹೊರುತ್ತಾರೆ, ಅವರು ಹೊತ್ತದ್ದನ್ನು ನಾನು ಎಣಿಸುತ್ತೇನೆ. ಸಂಜೆಯ ಹೊತ್ತಿಗೆ ಇಬ್ಬರಿಗೂ ಸಮನಾಗಿ ಸುಸ್ತು, ಹೊಟ್ಟೆ ಮಾತ್ರ ನನಗೊಬ್ಬನಿಗೇ.

ಐವತ್ತೆರಡನೆಯ ವಯಸ್ಸಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 8.2 ಬಂತು. ಇದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಪರೀಕ್ಷೆ. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 5.7ರಿಂದ 6.4ರವರೆಗೆ ಗಡಿ, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ. ರಕ್ತದೊತ್ತಡ 150/96, ತೂಕ 84 ಕಿಲೋ. ವೈದ್ಯರು ಮಾತ್ರೆ ಬರೆದು, ‘ಜೀವನಶೈಲಿ ಬದಲಿಸಿಕೊಳ್ಳಿ’ ಎಂದರು. ಏನನ್ನು, ಎಷ್ಟು ಎಂದು ನಾನು ಕೇಳುವಷ್ಟರಲ್ಲಿ ಹೊರಗೆ ಮುಂದಿನ ರೋಗಿಯ ಹೆಸರು ಕೂಗಿದ್ದರು.

ಆ ವಾರವೇ ನಾನು ಎಲ್ಲವನ್ನೂ ಬದಲಿಸಿದೆ. 2,400 ರೂಪಾಯಿ ಕೊಟ್ಟು ಬೂಟು ತಂದೆ. ಬೆಳಗಿನ ಐದಕ್ಕೆ ಎದ್ದು ಕುಂದವಾಡ ಕೆರೆಗೆ ಹೋಗಿ ನಡೆಯತೊಡಗಿದೆ. ಸಕ್ಕರೆ, ಅನ್ನ, ಮಿರ್ಚಿ ಎಲ್ಲಕ್ಕೂ ಕೈ ಮುಗಿದೆ. ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಘೋಷಣೆಯನ್ನೂ ಮಾಡಿದೆ. ನಮ್ಮ ಮನೆಯವರು ಪಾಪ, ನನಗೆಂದೇ ಬೇರೆ ಅಡುಗೆ ಹಚ್ಚಿದರು. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಹರಿಹರದಲ್ಲಿ ನೆಂಟರ ಮಗುವಿನ ನಾಮಕರಣ. ಒಂದು ಹೋಳಿಗೆ ತಿಂದೆ, ಆಮೇಲೆ ನಾಲ್ಕು ತಿಂದೆ. ಮರುದಿನ ಬೆಳಿಗ್ಗೆ ಏಳಲಿಲ್ಲ. ಒಂದು ವಾರದ ನಂತರ ಬೂಟು ಅಟ್ಟ ಸೇರಿತು. ಆಗ ನನ್ನ ನಾದಿನಿ ನಗುತ್ತಾ ಕೇಳಿದಳು: ‘ಏನು ಭಾವ, ವ್ರತ ಮುಗಿಯಿತೇ?’

ನಾದಿನಿಯ ಮಾತು ಚುಚ್ಚಿತು, ಆದರೆ ಸರಿಯಾಗಿಯೇ ಇತ್ತು. ನಾನು ಮಾಡಿದ್ದು ವ್ರತವೇ. ವ್ರತ ಹಿಡಿಯುವಾಗಲೇ ಉದ್ಯಾಪನೆಯ ದಿನ ಗೊತ್ತಿರುತ್ತದೆ, ಆ ದಿನಕ್ಕಾಗಿಯೇ ಬಿಗಿ ಹಿಡಿದು ಕಾಯುತ್ತೇವೆ. ಸಕ್ಕರೆ ಕಾಯಿಲೆಗೆ ಉದ್ಯಾಪನೆ ಇಲ್ಲ. ಐದು ತಿಂಗಳ ನಂತರ ಬೇರೆ ರೀತಿಯಲ್ಲಿ ಶುರು ಮಾಡಿದೆ. ಅದಕ್ಕೆ ಈಗ ಆರು ವರ್ಷ. ಮಾಡಿದ್ದು ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಲೆಕ್ಕ ಬರೆಯುವವನಿಗೆ ತಿಳಿದಷ್ಟೇ ಇದರಲ್ಲಿದೆ.

ಮೊದಲು ಕಿರ್ದಿ

ಅಂಗಡಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಆಗಲೇ ಬರೆಯುವ ಪುಸ್ತಕ ಕಿರ್ದಿ. ಖಾತೆ, ತಾಳೆ, ಲಾಭ ನಷ್ಟ ಎಲ್ಲ ಆಮೇಲಿನದು. ಕಿರ್ದಿ ಇಲ್ಲದೆ ಯಾರೂ ಅಂಗಡಿ ನಡೆಸುವುದಿಲ್ಲ, ಆದರೆ ದೇಹವನ್ನು ಎಲ್ಲರೂ ಹಾಗೆಯೇ ನಡೆಸುತ್ತೇವೆ.

ಏಳು ದಿನ ಏನನ್ನೂ ಬದಲಿಸಬೇಡಿ. ಬರೆಯಿರಿ, ಅಷ್ಟೇ. ಜೇಬಿನಲ್ಲಿ ಹಿಡಿಸುವ ಪುಸ್ತಕದಲ್ಲಿ ನಾಲ್ಕು ಕಾಲಂ ಎಳೆಯಿರಿ: ಗಂಟೆ, ಬಾಯಿಗೆ ಹೋದದ್ದು, ಅದಕ್ಕೂ ಮೊದಲು ಎಷ್ಟು ಹೊತ್ತು ಕುಳಿತಿದ್ದಿರಿ, ಜೊತೆಯಲ್ಲಿ ಯಾರಿದ್ದರು. ತಿಂದ ಕೂಡಲೇ ಬರೆಯಬೇಕು. ರಾತ್ರಿ ಮಲಗುವಾಗ ನೆನಪಿನಿಂದ ಬರೆದ ಕಿರ್ದಿಯನ್ನು ನಮ್ಮ ಸಾಹುಕಾರರು ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ. ಮೂರು ಮಿರ್ಚಿ ರಾತ್ರಿಯ ಹೊತ್ತಿಗೆ ಎರಡಾಗಿರುತ್ತವೆ.

ನನ್ನ ಏಳು ದಿನದ ಕಿರ್ದಿಯಲ್ಲಿ 37 ಚಹಾ ಇತ್ತು. ಸಂಜೆಯ ಮಂಡಕ್ಕಿ ಮಿರ್ಚಿ ಏಳಕ್ಕೆ ಆರು ದಿನ. ರಾತ್ರಿ ಊಟ ಹತ್ತು ಗಂಟೆಗಿಂತ ಮೊದಲು ಒಂದೇ ಒಂದು ದಿನ. ಮೊಬೈಲ್ ಕೆಳಗಿಟ್ಟದ್ದು ಹನ್ನೆರಡೂಕಾಲಕ್ಕೆ. ಇದೆಲ್ಲ ಹೆಚ್ಚು ಕಡಿಮೆ ಗೊತ್ತಿದ್ದದ್ದೇ. ನನಗೆ ಕಣ್ಣು ತೆರೆಸಿದ್ದು ನಾಲ್ಕನೆಯ ಕಾಲಂ. ದಿನದ ಐದು ಚಹಾದಲ್ಲಿ ನನಗೆ ನಿಜವಾಗಿ ಬೇಕೆನಿಸಿ ಕುಡಿದದ್ದು ಎರಡು. ಉಳಿದ ಮೂರನ್ನು ಯಾರೋ ರೈತರು ಬಂದರೆಂದು, ಖರೀದಿದಾರರು ತರಿಸಿದರೆಂದು, ಪಕ್ಕದ ಅಂಗಡಿಯವರು ಕರೆದರೆಂದು ಕುಡಿದಿದ್ದೆ. ಚಹಾ ಬಿಡುವುದು ಕಷ್ಟ ಎಂದುಕೊಂಡಿದ್ದೆ. ಕಷ್ಟ ಚಹಾದ್ದಲ್ಲ, ದಾಕ್ಷಿಣ್ಯದ್ದು.

ಎಷ್ಟು ಸಣ್ಣದು?

‘ಸ್ವಲ್ಪ ಸ್ವಲ್ಪವಾಗಿ ಬದಲಿಸಿ’ ಎಂದು ಎಲ್ಲರೂ ಹೇಳುತ್ತಾರೆ. ಸ್ವಲ್ಪ ಎಂದರೆ ಎಷ್ಟು ಎಂದು ಯಾರೂ ಹೇಳುವುದಿಲ್ಲ. ನನ್ನ ಅಳತೆ ಇದು: ಮನೆಯವರಿಗೆ ಗೊತ್ತಾದರೆ ಅದು ದೊಡ್ಡದಾಯಿತು. ಹದಿನೈದು ದಿನ ಕಳೆದರೂ ಮನೆಯಲ್ಲಿ ಯಾರೂ ‘ಏನಿದು ಹೊಸದು?’ ಎಂದು ಕೇಳಬಾರದು, ಅಷ್ಟು ಸಣ್ಣದಿರಬೇಕು.

ಇದರಲ್ಲಿ ಗುಟ್ಟು ಮಾಡುವ ಖುಷಿಯೂ ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಬೇರೆ ಲಾಭಗಳಿವೆ. ಘೋಷಣೆ ಮಾಡಿದ ದಿನವೇ ಅರ್ಧ ಕೆಲಸ ಮುಗಿಸಿದ ತೃಪ್ತಿ ಬಂದುಬಿಡುತ್ತದೆ. ತಪ್ಪಿದ ದಿನ ನಾಲ್ಕು ಜನ ನೋಡುತ್ತಾರೆ, ಆ ನಾಚಿಕೆಗೇ ಮರುದಿನ ಎದ್ದು ನಿಲ್ಲಲು ಆಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಆರೋಗ್ಯದ ಹೊರೆ ಅಡುಗೆ ಮಾಡುವವರ ಮೇಲೆ ಬೀಳುವುದಿಲ್ಲ. ನನ್ನ ಮೊದಲ ಹನ್ನೊಂದು ದಿನಗಳಲ್ಲಿ ನನಗಿಂತ ಹೆಚ್ಚು ದಣಿದವರು ನಮ್ಮ ಮನೆಯವರು.

ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದೇ. ಒಂದು ಬದಲಾವಣೆ ಬೇಸರವಿಲ್ಲದೆ ನಡೆಯತೊಡಗುವವರೆಗೆ ಎರಡನೆಯದನ್ನು ಮುಟ್ಟಬೇಡಿ. ಎಷ್ಟು ದಿನ ಬೇಕು? 21 ದಿನ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ, ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಹೊಸ ಅಭ್ಯಾಸ ಯೋಚಿಸದೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕು. ಒಬ್ಬೊಬ್ಬರಿಗೆ ಒಂದೊಂದು ರೀತಿ, 18 ದಿನದಿಂದ 254 ದಿನದವರೆಗೆ (ಹನ್ನೆರಡು ವಾರದ ಆಚೆಯದು ಅವರು ಲೆಕ್ಕ ಹಾಕಿ ಅಂದಾಜಿಸಿದ್ದು). ನೀರು ಕುಡಿಯುವಂಥದ್ದು ಬೇಗ, ವ್ಯಾಯಾಮದಂಥದ್ದು ತಡ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಾಗಲಿಲ್ಲ ಎಂಬುದೂ ಅದರಲ್ಲಿ ಕಂಡಿತು. ನಾನು ಒಂದೊಂದಕ್ಕೆ ಎರಡು ತಿಂಗಳು ಇಟ್ಟುಕೊಂಡೆ. ವರ್ಷಕ್ಕೆ ಹೆಚ್ಚೆಂದರೆ ಆರು ಬದಲಾವಣೆ. ಕಡಿಮೆ ಎನಿಸುತ್ತದೆಯೇ? ಅದಕ್ಕೂ ಹಿಂದಿನ ಐವತ್ತೆರಡು ವರ್ಷಗಳಲ್ಲಿ ಒಂದೂ ಆಗಿರಲಿಲ್ಲ.

ಚಹಾದ ಲೆಕ್ಕ

ಮೊದಲು ಚಹಾ ಹಿಡಿದೆ. ಒಂದು ಚಹಾಕ್ಕೆ ಎರಡು ಸಣ್ಣ ಚಮಚ ಸಕ್ಕರೆ, ಚಮಚಕ್ಕೆ ಸುಮಾರು 4 ಗ್ರಾಂ. ದಿನಕ್ಕೆ ಐದು ಎಂದರೆ 40 ಗ್ರಾಂ. ಎರಡು ಸಾವಿರ ಕ್ಯಾಲೊರಿ ತಿನ್ನುವವರು ದಿನಕ್ಕೆ 50 ಗ್ರಾಂ ಒಳಗೆ, ಸಾಧ್ಯವಾದರೆ 25 ಗ್ರಾಂ ಒಳಗೆ ಸಕ್ಕರೆ ಇಟ್ಟುಕೊಳ್ಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಲೆಕ್ಕ. ಅದು ಕಾಯಿಲೆ ಇಲ್ಲದವರಿಗೂ ಅನ್ವಯಿಸುತ್ತದೆ. ನನ್ನದು ಚಹಾದಲ್ಲಿಯೇ ಮುಗಿದುಹೋಗುತ್ತಿತ್ತು.

ಮಂಡಿಯಲ್ಲಿ ಸಕ್ಕರೆ ಇಲ್ಲದ ಚಹಾ ಬೇಕೆಂದರೆ ಹುಡುಗ ಬೇರೆ ಮಾಡಿಸಿಕೊಂಡು ಬರಬೇಕು. ಹತ್ತು ಜನರ ಎದುರು ಅದನ್ನು ಕೇಳಿದರೆ ಕಾಯಿಲೆಯ ಚರ್ಚೆ ಶುರುವಾಗುತ್ತದೆ, ಒಬ್ಬೊಬ್ಬರೂ ಒಂದೊಂದು ಸೊಪ್ಪಿನ ಹೆಸರು ಹೇಳುತ್ತಾರೆ. ಹಾಗಾಗಿ ನಮ್ಮಲ್ಲಿ ಆಗಲೇ ಇರುವ ಒಂದು ಒಳ್ಳೆಯ ಪದ್ಧತಿಗೆ ಶರಣಾದೆ. ಬೈಟು. ತೂಕದವರನ್ನು ಕರೆದು ‘ಬನ್ನಿ, ಬೈಟು ಕುಡಿಯೋಣ’ ಎಂದೆ. ಚಹಾದ ಸಂಖ್ಯೆ ಅಷ್ಟೇ ಉಳಿಯಿತು, ದಾಕ್ಷಿಣ್ಯವೂ ಉಳಿಯಿತು, ಸಕ್ಕರೆ ಅರ್ಧವಾಯಿತು. ಒಂದು ತಿಂಗಳ ಮೇಲೆ ಮಧ್ಯಾಹ್ನದ ಬೈಟುವಿನ ಬದಲು ಮಜ್ಜಿಗೆ ಬಂತು. ಯಾರೂ ಏನೂ ಕೇಳಲಿಲ್ಲ.

ಮನೆಯ ಚಹಾ ಬೇರೆ ಸಮಸ್ಯೆ. ನಮ್ಮಲ್ಲಿ ಸಕ್ಕರೆ ಹಾಕಿಯೇ ಕುದಿಸುತ್ತಾರೆ. ಒಂದು ಸೋಮವಾರ ‘ಇನ್ನು ಮುಂದೆ ಬೆಳಗಿನ ಚಹಾ ನಾನು ಮಾಡುತ್ತೇನೆ’ ಎಂದೆ. ಮನೆಯವರಿಗೆ ಖುಷಿಯಾಯಿತು, ಕಾರಣ ಕೇಳಲಿಲ್ಲ. ಇಬ್ಬರ ಚಹಾಕ್ಕೆ ನಾಲ್ಕು ಚಮಚ ಬೀಳುತ್ತಿತ್ತು. ಮೊದಲ ವಾರ ನಾಲ್ಕೇ ಹಾಕಿದೆ. ಆಮೇಲೆ ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚದಷ್ಟು ಇಳಿಸುತ್ತಾ ಹೋದೆ. ಎರಡೂವರೆಗೆ ಬಂದಾಗ ಬೆಂಗಳೂರಿನಿಂದ ಮಗಳು ಬಂದಳು. ಒಂದು ಗುಟುಕು ಕುಡಿದು ‘ಏನಪ್ಪಾ ಇದು, ಇಷ್ಟು ಸಪ್ಪೆ?’ ಎಂದಳು. ನಮ್ಮ ಮನೆಯವರು ‘ಸರಿಯಾಗಿಯೇ ಇದೆಯಲ್ಲ’ ಎಂದರು. ನಾನು ಪೇಪರ್ ಓದುತ್ತಾ ಕುಳಿತೆ.

ನಾಲಿಗೆ ರುಚಿಯನ್ನು ಅಳೆಯುವುದು ನಿನ್ನೆಯದರ ಜೊತೆ ಹೋಲಿಸಿ. ನಿನ್ನೆಗೂ ಇಂದಿಗೂ ವ್ಯತ್ಯಾಸ ಕಾಣದಂತೆ ಇಳಿಸಿದರೆ ಅದು ತಕರಾರು ಮಾಡುವುದಿಲ್ಲ. ಅಂದಹಾಗೆ, ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೆ ತೊಂದರೆಯಿಲ್ಲ ಎಂದುಕೊಳ್ಳಬೇಡಿ. ರಕ್ತಕ್ಕೆ ಸೇರಿದ ಮೇಲೆ ಎರಡೂ ಒಂದೇ.

ನಡೆಯಲು ಬೂಟು ಬೇಕಿಲ್ಲ

ನಮ್ಮ ತಂದೆ ಹತ್ತಿ ಗಿರಣಿಯಲ್ಲಿ ಪಾಳಿ ಮಾಡುತ್ತಿದ್ದರು. ಸೈರನ್ ಕೂಗುವುದಕ್ಕೆ ಮುಂಚೆ ಗೇಟಿನಲ್ಲಿರಬೇಕು. ಹೋಗುತ್ತಾ ನಡಿಗೆ, ಬರುತ್ತಾ ನಡಿಗೆ. ಅದನ್ನು ಅವರು ವ್ಯಾಯಾಮ ಎಂದು ಕರೆದದ್ದನ್ನು ನಾನು ಕೇಳಿಲ್ಲ. ನಾನು ಸ್ಕೂಟರಿನಲ್ಲಿ ಅಂಗಡಿಯ ಬಾಗಿಲಿಗೇ ಬಂದು ಇಳಿಯುವವನು.

ಬೆಳಗಿನ ಐದರ ನಡಿಗೆ ನನಗೆ ಒಗ್ಗಲಿಲ್ಲ. ಕುಂದವಾಡ ಕೆರೆಯ ದಂಡೆ ಬೆಳಗಿನ ಹೊತ್ತು ಚೆಂದವೇ, ಪಕ್ಕದಲ್ಲಿ ಗಾಜಿನ ಮನೆಯೂ ಇದೆ. ಒಗ್ಗುವವರು ಖಂಡಿತ ಹೋಗಿ. ಆದರೆ ರಾತ್ರಿ ಹನ್ನೊಂದರ ಮೇಲೆ ಮಲಗುವವನು ನಾಲ್ಕೂಮುಕ್ಕಾಲಿಗೆ ಏಳುವುದು ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದಂತೆ.

ಹೊಸ ಕೆಲಸಕ್ಕೆ ಹೊಸ ಸಮಯ ಹುಡುಕಬೇಡಿ. ದಿನವೂ ತಪ್ಪದೆ ನಡೆಯುವ ಹಳೆಯ ಕೆಲಸವೊಂದರ ಬಾಲಕ್ಕೆ ಅದನ್ನು ಗಂಟು ಹಾಕಿ. ನನ್ನ ದಿನದಲ್ಲಿ ಎಂದೂ ತಪ್ಪದ ಕೆಲಸ ಮಧ್ಯಾಹ್ನದ ಡಬ್ಬಿ ತೊಳೆಯುವುದು. ಮೊದಲು ಅಂಗಡಿಯ ಹಿಂದಿನ ನಲ್ಲಿಯಲ್ಲಿ ತೊಳೆಯುತ್ತಿದ್ದೆ. ಈಗ ಪ್ರಾಂಗಣದ ಆಚೆ ತುದಿಯ ನಲ್ಲಿಗೆ ಹೋಗುತ್ತೇನೆ. ಹೋಗಿ ಬರಲು ಏಳು ನಿಮಿಷ. ಏಪ್ರಿಲ್, ಮೇ ತಿಂಗಳಿನಲ್ಲಿ ನಮ್ಮೂರ ಬಿಸಿಲು ಹೊರಗೆ ಕಾಲಿಡಲು ಬಿಡುವುದಿಲ್ಲ, ಆಗ ಹರಾಜು ಕಟ್ಟೆಯ ಚಾವಣಿಯ ಕೆಳಗೆ ಸುತ್ತು ಹಾಕಿ ಹೋಗುತ್ತೇನೆ. ಊಟದ ನಂತರದ ನಡಿಗೆಗೆ ಬೇರೆ ಬೆಲೆ ಇದೆ. ತಿಂದದ್ದು ಸಕ್ಕರೆಯಾಗಿ ರಕ್ತಕ್ಕೆ ಇಳಿಯುವ ಹೊತ್ತಿನಲ್ಲಿಯೇ ಕಾಲಿನ ಸ್ನಾಯುಗಳು ಅದನ್ನು ಎಳೆದುಕೊಂಡು ಬಳಸುತ್ತವೆ. ಕುಳಿತವನ ರಕ್ತದಲ್ಲಿ ಅದು ಹೆಚ್ಚು ಹೊತ್ತು ನಿಲ್ಲುತ್ತದೆ.

ಎರಡು ತಿಂಗಳಿಗೆ ರಾತ್ರಿಯ ಊಟಕ್ಕೂ ಒಂದು ಗಂಟು ಹಾಕಿದೆ: ಊಟವಾದ ಮೇಲೆ ಬೀದಿಯ ತಿರುವಿನವರೆಗೆ. ಆಮೇಲೆ ಅದರ ಆಚೆಯ ಔಷಧಿ ಅಂಗಡಿಯವರೆಗೆ. ಸ್ಕೂಟರನ್ನು ಪ್ರಾಂಗಣದ ಗೇಟಿನ ಹತ್ತಿರ ನಿಲ್ಲಿಸತೊಡಗಿದೆ. ಹೀಗೆ ಚೂರುಚೂರಾಗಿ ಈಗ ದಿನಕ್ಕೆ ನಲವತ್ತು ನಿಮಿಷ ದಾಟುತ್ತದೆ. ವಾರಕ್ಕೆ 150 ನಿಮಿಷ, ಸ್ವಲ್ಪ ಬಿರುಸಾಗಿ, ಎಂಬುದು ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ. ಒಂದೇ ಉಸಿರಿಗೆ ನಡೆಯಬೇಕೆಂದೇನಿಲ್ಲ, ಚೂರುಗಳೂ ಲೆಕ್ಕಕ್ಕೆ ಬರುತ್ತವೆ. ಮಾತಾಡಬಹುದು, ಹಾಡಲು ಉಸಿರು ಸಾಲದು, ಅಷ್ಟು ಬಿರುಸು ಸಾಕು.

ಹತ್ತು ಸಾವಿರ ಹೆಜ್ಜೆ ಆಗಲಿಲ್ಲವೆಂದು ರಾತ್ರಿ ಹನ್ನೊಂದಕ್ಕೆ ಮನೆಯ ಪಡಸಾಲೆಯಲ್ಲಿಯೇ ಅತ್ತಿತ್ತ ಓಡಾಡುವವರನ್ನು ನೋಡಿದ್ದೇನೆ. ಆ ಸಂಖ್ಯೆಯ ಹುಟ್ಟು ವೈದ್ಯರ ಚೀಟಿಯಲ್ಲಿ ಆದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು ‘ಮಾಂಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ವ್ಯಾಪಾರದ ಹೆಸರು ಜಗತ್ತಿನ ನಿಯಮವಾಯಿತು. ನಿನ್ನೆಗಿಂತ ಐನೂರು ಹೆಜ್ಜೆ ಹೆಚ್ಚಾದರೆ ಅದು ನಿಮ್ಮ ಲಾಭ.

ಮಿರ್ಚಿಯ ವಿಷಯ

ದಾವಣಗೆರೆಯಲ್ಲಿ ಕುಳಿತು ಮಂಡಕ್ಕಿ ಮಿರ್ಚಿ ಬಿಡಿ ಎಂದು ಬರೆಯುವಷ್ಟು ದಡ್ಡ ನಾನಲ್ಲ. ಮಂಡಕ್ಕಿ ಭಟ್ಟಿಗಳ ಊರು ಇದು. ಇಲ್ಲಿ ಸಂಜೆ ಎನ್ನುವುದು ಗಂಟೆಯಲ್ಲ, ಎಣ್ಣೆಯ ವಾಸನೆ.

ನನ್ನ ತಟ್ಟೆಯಲ್ಲಿ ಖಾರ ಮಂಡಕ್ಕಿಯ ಜೊತೆ ಮೂರು ಮಿರ್ಚಿ ಇರುತ್ತಿದ್ದವು. ಮೊದಲು ಇಳಿಸಿದ್ದು ಮಿರ್ಚಿಯನ್ನಲ್ಲ. ತಟ್ಟೆಗೆ ಸೇರಿಸಿದೆ. ಹೆಚ್ಚಿದ ಈರುಳ್ಳಿ, ಸೌತೆಕಾಯಿ ಕೇಳಿ ಹಾಕಿಸಿಕೊಂಡೆ. ಮುಂದಿನ ತಿಂಗಳು ಒಂದು ಹಿಡಿ ಹುರಿದ ಶೇಂಗಾ. ಮಂಡಕ್ಕಿ ಹಗುರ ಎಂಬುದು ತಕ್ಕಡಿಗೆ ಮಾತ್ರ ನಿಜ. ಅರಳಿದ ಅಕ್ಕಿ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ, ಹೊಟ್ಟೆಯನ್ನೂ ಬೇಗ ಖಾಲಿ ಮಾಡುತ್ತದೆ. ಶೇಂಗಾ, ತರಕಾರಿ ಜೊತೆಗಿದ್ದರೆ ಆ ಏರಿಕೆ ನಿಧಾನವಾಗುತ್ತದೆ. ಹೊಟ್ಟೆಗೆ ಆಧಾರ ಸಿಕ್ಕ ಮೇಲೆ ಮೂರನೆಯ ಮಿರ್ಚಿಯನ್ನು ಪಕ್ಕದವರಿಗೆ ಕೊಡುವುದು ಕಷ್ಟವಾಗಲಿಲ್ಲ. ಪಕ್ಕದವರು ಹೇಗೂ ಬೇಡ ಎನ್ನುವುದಿಲ್ಲ.

ಆಮೇಲೆ ದಿನಗಳನ್ನು ಮುಟ್ಟಿದೆ. ಇಲ್ಲಿ ದಾರಿಯೇ ಕೆಲಸ ಮಾಡಿತು. ಅಂಗಡಿಯಿಂದ ಮನೆಗೆ ಹೋಗುವ ರಸ್ತೆಯಲ್ಲಿ ಗಾಡಿ ನಿಂತಿರುತ್ತದೆ. ಆ ರಸ್ತೆಯಲ್ಲಿ ಹೋಗಿ ಗಾಡಿಯ ಮುಂದೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ನನ್ನಿಂದ ಆಗದು. ಹಾಗಾಗಿ ಸೋಮವಾರ, ಬುಧವಾರ ಒಂದು ಅಡ್ಡರಸ್ತೆ ಹಿಡಿದೆ. ದೂರ ಅರ್ಧ ಕಿಲೋಮೀಟರ್ ಹೆಚ್ಚು, ಗಾಡಿ ಇಲ್ಲ. ಮನೋಬಲ ಸಂಜೆ ಏಳಕ್ಕೆ ಯಾರಲ್ಲೂ ಇರುವುದಿಲ್ಲ. ದಾರಿಯನ್ನು ಮಾತ್ರ ಬೆಳಿಗ್ಗೆಯೇ ನಿರ್ಧರಿಸಿಟ್ಟುಕೊಳ್ಳಬಹುದು. ಈಗ ವಾರಕ್ಕೆ ಎರಡು ದಿನ, ಎರಡೆರಡು ಮಿರ್ಚಿ. ದಿನ ಕಾದು ತಿನ್ನುವುದರಿಂದ ರುಚಿಯೂ ಹೆಚ್ಚಾಗಿದೆ. ಕರಿದು ಕರಿದು ಕಪ್ಪಾದ ಎಣ್ಣೆ ಕಂಡರೆ ಆ ದಿನ ಬರಿ ಮಂಡಕ್ಕಿ.

ಅನ್ನ, ರೊಟ್ಟಿಯ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಪಲ್ಯ ಮೊದಲು, ರೊಟ್ಟಿ ಆಮೇಲೆ, ಅನ್ನ ಕೊನೆಗೆ. ಈ ಕ್ರಮ ಹಿಡಿದರೆ ಅನ್ನದ ಕೊನೆಯ ಸೌಟು ತಾನಾಗಿ ಬಿದ್ದುಹೋಗುತ್ತದೆ. ರಾಗಿ, ನವಣೆ, ಸಾಮೆ ಒಳ್ಳೆಯವೇ, ಆದರೆ ಸಿರಿಧಾನ್ಯ ಎಂಬ ಹೆಸರಿನ ಧೈರ್ಯದಲ್ಲಿ ಎರಡು ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಧಾನ್ಯ ಬದಲಾದ ಮಾತ್ರಕ್ಕೆ ಅಳತೆ ಮಾಫಿ ಆಗುವುದಿಲ್ಲ.

ಗುಟ್ಟು ನಡೆಯದ ಕಡೆ

ಉಪ್ಪನ್ನು ಗುಟ್ಟಾಗಿ ಇಳಿಸಲು ಆಗಲಿಲ್ಲ, ಏಕೆಂದರೆ ಒಲೆಯ ಮುಂದೆ ನಿಲ್ಲುವವನು ನಾನಲ್ಲ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದ ಒಳಗೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನಾವಿಬ್ಬರೇ, ಉಪ್ಪಿನ ಪೊಟ್ಟಣ ಒಂದು ಕಿಲೋದ್ದು, ತಿಂಗಳಿಗೆ ಮುಕ್ಕಾಲು ಭಾಗ ಖಾಲಿ. ಭಾಗಿಸಿ ನೋಡಿದರೆ ತಲೆಗೆ ದಿನಕ್ಕೆ ಹನ್ನೆರಡೂವರೆ ಗ್ರಾಂ. ನೆಂಟರು, ಉಪ್ಪಿನಕಾಯಿ, ಚೆಲ್ಲಿದ್ದು ಎಂದು ಒಂದಿಷ್ಟು ಕಳೆದರೂ ಹೆಚ್ಚೇ. ಈ ಲೆಕ್ಕವನ್ನು ಮನೆಯವರ ಮುಂದಿಟ್ಟೆ. ‘ನನ್ನ ಕೈ ಅಡುಗೆಗೆ ಈಗ ಲೆಕ್ಕ ಬರೆಯುತ್ತಿದ್ದೀರಾ?’ ಎಂದರು. ಎರಡು ದಿನ ಮಾತು ಕಡಿಮೆಯಿತ್ತು, ಸಾರಿನಲ್ಲಿ ಉಪ್ಪೂ ಕಡಿಮೆಯಿತ್ತು. ಅದು ಬೇಕಂತಲೇ ಮಾಡಿದ್ದು.

ಆಮೇಲೆ ರಾಜಿಯಾಯಿತು. ಸಾರು, ಪಲ್ಯ ಮುಟ್ಟುವುದು ಬೇಡ. ತಟ್ಟೆಯ ಪಕ್ಕದ ಉಪ್ಪು ಹೋಗಲಿ. ಮಜ್ಜಿಗೆಗೆ ಉಪ್ಪು ಬೇಡ. ಹಪ್ಪಳ ಹಬ್ಬಕ್ಕೆ. ಉಪ್ಪಿನಕಾಯಿ ಇರುವ ದಿನ ಶೇಂಗಾ ಚಟ್ನಿಪುಡಿ ಇಲ್ಲ, ಚಟ್ನಿಪುಡಿ ಇರುವ ದಿನ ಉಪ್ಪಿನಕಾಯಿ ಇಲ್ಲ. ಪೊಟ್ಟಣ ಈಗ ಎರಡು ತಿಂಗಳ ಹತ್ತಿರ ಬರುತ್ತದೆ. ನಿಮ್ಮ ಮನೆಯಲ್ಲಿ ಅಡುಗೆ ಇನ್ನೊಬ್ಬರ ಕೈಯಲ್ಲಿದ್ದರೆ ಅವರನ್ನು ಕೇಳದೆ ಅಡುಗೆಮನೆಯ ಒಂದು ಡಬ್ಬಿಯನ್ನೂ ಸರಿಸಬೇಡಿ.

ಸಣ್ಣದಾಗಿ ಮಾಡಲೇಬಾರದ ಒಂದು ಕೆಲಸವೂ ಇದೆ, ತಂಬಾಕು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಚಟ ನನಗೆ ಹದಿನಾಲ್ಕು ವರ್ಷ ಇತ್ತು. ಅದನ್ನೂ ದಿನಕ್ಕೊಂದು ಕಡಿಮೆ ಎಂದು ಇಳಿಸಲು ಹೋಗಿ ಮೂರು ಸಲ ಸೋತೆ. ಕೊನೆಗೆ ತಾರೀಖು ಗೊತ್ತು ಮಾಡಿ ಒಮ್ಮೆಗೇ ನಿಲ್ಲಿಸಿದೆ. ಇಂಗ್ಲೆಂಡಿನಲ್ಲಿ ಸುಮಾರು 700 ಸಿಗರೇಟು ಸೇದುವವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ನಾಲ್ಕು ವಾರಗಳ ನಂತರ ಒಮ್ಮೆಗೇ ಬಿಟ್ಟವರಲ್ಲಿ ನೂರಕ್ಕೆ 49 ಜನ, ಇಳಿಸುತ್ತಾ ಬಂದು ಬಿಟ್ಟವರಲ್ಲಿ 39 ಜನ ತಂಬಾಕಿನಿಂದ ದೂರ ಉಳಿದಿದ್ದರು. ಒಬ್ಬರೇ ಹೆಣಗಬೇಡಿ, ತಂಬಾಕು ಬಿಡುವವರಿಗೆಂದೇ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-112-356. ಬರಿ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ. ಚನ್ನಗಿರಿ ಕಡೆಯ ತೋಟದ ನೆಂಟರ ಎದುರು ಇದನ್ನು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಮಾತ್ರೆಯ ವಿಷಯದಲ್ಲಿಯೂ ಸ್ವಂತ ಪ್ರಯೋಗ ಬೇಡ. ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಊಟ ಇಳಿಸಿ ನಡಿಗೆ ಏರಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಬೆವರು, ನಡುಕ, ಕಣ್ಣು ಮಂಜು, ತಲೆ ಓಡದಿರುವುದು ಅದರ ಲಕ್ಷಣ. ಆಗ ತಕ್ಷಣ ಸಕ್ಕರೆ ತಿನ್ನಬೇಕು. ಶುರು ಮಾಡುವ ಮೊದಲೇ ವೈದ್ಯರಿಗೆ ತಿಳಿಸಿ. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲಿಯೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಇರುವವರು ರಾತ್ರಿ ಒಮ್ಮೆ ಪಾದ ತಿರುಗಿಸಿ ನೋಡಿಕೊಳ್ಳಿ, ಗಾಯವಾದರೂ ನೋವು ತಿಳಿಯದೆ ಇರಬಹುದು.

ತಪ್ಪಿದ ದಿನ

ತಪ್ಪುತ್ತದೆ. ದುಗ್ಗಮ್ಮನ ಜಾತ್ರೆ ಬಂದಾಗ ನನ್ನ ಕಿರ್ದಿಯ ಒಂದು ವಾರ ಪೂರ್ತಿ ಖಾಲಿ. ಅಂಗಡಿಯ ಲೆಕ್ಕದಲ್ಲಿ ಇಂದಿನ ಬಾಕಿ ನಾಳೆಗೆ ಎಳೆದುಕೊಂಡು ಬರುತ್ತದೆ, ಬಡ್ಡಿಯೂ ಸೇರುತ್ತದೆ. ನನಗೆ ಮೂವತ್ತು ವರ್ಷದ ಈ ರೂಢಿಯಿಂದಲೇ ಮೊದಮೊದಲು ತೊಂದರೆಯಾದದ್ದು. ನಿನ್ನೆ ನಡೆಯಲಿಲ್ಲ ಎಂದು ಇಂದು ದುಪ್ಪಟ್ಟು ನಡೆದೆ, ಮಂಡಿ ಹಿಡಿದುಕೊಂಡು ನಾಲ್ಕು ದಿನ ಮಲಗಿದೆ. ಹೋಳಿಗೆ ತಿಂದೆ ಎಂದು ಮರುದಿನ ಉಪವಾಸ ಮಾಡಿದೆ, ಸಂಜೆ ಐದು ಮಿರ್ಚಿ ತಿಂದೆ. ಈ ಒಂದು ಪುಸ್ತಕದಲ್ಲಿ ಬಾಕಿ ಎಳೆಯಬೇಡಿ. ಹೊಸ ಪುಟ, ಮೇಲಿನಿಂದ ಶುರು.

ಸೀಸನ್ನಿಗೆ ಬೇರೆ ಪಟ್ಟಿ ಇಟ್ಟುಕೊಂಡಿದ್ದೇನೆ. ಅಕ್ಟೋಬರಿನಿಂದ ಜನವರಿಯವರೆಗೆ ಜೋಳದ ಗಾಡಿಗಳು ಸಾಲುಗಟ್ಟಿ ನಿಂತಾಗ ಹೊಸ ಬದಲಾವಣೆ ಯಾವುದೂ ಇಲ್ಲ. ಡಬ್ಬಿ ತೊಳೆಯುವ ಏಳು ನಿಮಿಷ, ಬೈಟು ಚಹಾ, ಎರಡೇ. ನಿಮಗೂ ಒಂದು ಸೀಸನ್ ಇರುತ್ತದೆ. ಶಿಕ್ಷಕರಿಗೆ ಪರೀಕ್ಷೆ, ದರ್ಜಿಗಳಿಗೆ ದೀಪಾವಳಿ, ಮನೆಯಲ್ಲಿ ಬಾಣಂತನ. ಆ ಕಾಲಕ್ಕೆ ಏನನ್ನು ಮಾತ್ರ ಉಳಿಸಿಕೊಳ್ಳುತ್ತೀರಿ ಎಂದು ಮೊದಲೇ ಬರೆದಿಡಿ.

ಮೊಬೈಲ್ ಒಂದು ನನ್ನಿಂದ ಪೂರ್ತಿ ಆಗಿಲ್ಲ. ಚಾರ್ಜರನ್ನು ಮಲಗುವ ಕೋಣೆಯಿಂದ ಅಡುಗೆಮನೆಗೆ ಸಾಗಿಸಿದ ಮೇಲೆ ಹನ್ನೆರಡೂಕಾಲು ಹನ್ನೊಂದೂವರೆಯಾಯಿತು. ಅಲ್ಲಿಗೇ ನಿಂತಿದೆ.

ಏನನ್ನು ಅಳೆಯಬೇಕು

ಪ್ರತಿ ಸೋಮವಾರ ಬೆಳಿಗ್ಗೆ, ಚೀಲಗಳು ಬರುವ ಮೊದಲು ಅಂಗಡಿಯ ತೂಕದ ಯಂತ್ರದ ಮೇಲೆ ನಿಲ್ಲುತ್ತೇನೆ. ಜೋಳ ಖರೀದಿಸುವಾಗ ತೇವಾಂಶ ನೋಡಿ ತೂಕ ಕಳೆಯುತ್ತಾರಲ್ಲ, ಹಿರಿಯ ಹಮಾಲರೊಬ್ಬರು ಪ್ರತಿ ವಾರ ಕೇಳುತ್ತಾರೆ: ‘ಅಣ್ಣಾ, ತೇವಾಂಶ ಎಷ್ಟು ಕಳೆಯಲಿ?’ ದಿನವೂ ತೂಗಿದರೆ ಹುಚ್ಚು ಹಿಡಿಯುತ್ತದೆ, ಒಂದು ಕಿಲೋ ಸುಮ್ಮನೆ ಏರಿಳಿಯುತ್ತಿರುತ್ತದೆ. ವಾರಕ್ಕೊಮ್ಮೆ ಸಾಕು. ಎಚ್‌ಬಿಎ1ಸಿ ಮೂರು ತಿಂಗಳಿಗೊಮ್ಮೆ, ಅದಕ್ಕಿಂತ ಮುಂಚೆ ಮಾಡಿಸಿದರೆ ಹೊಸ ಅಭ್ಯಾಸದ ಪೂರ್ತಿ ಫಲ ಅದರಲ್ಲಿ ಕಾಣುವುದಿಲ್ಲ. ರಕ್ತದೊತ್ತಡ, ಸಕ್ಕರೆ ಎಂದೂ ನೋಡಿಸದವರು ಮೂವತ್ತು ದಾಟಿದ್ದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ನೋಡಿಸಿಕೊಳ್ಳಬಹುದು.

ನನ್ನ ಅಂಕಿಗಳು: 8.2 ಇದ್ದದ್ದು ಮೊದಲ ವರ್ಷದ ಕೊನೆಗೆ 7.3. ಎರಡನೆಯ ವರ್ಷ 6.9. ನಡುವೆ ಒಂದು ಸೀಸನ್ನಿನಲ್ಲಿ ಮತ್ತೆ 7.4. ಈಗ 6.6. ತೂಕ 84ರಿಂದ 76. ಮಾತ್ರೆ ನಿಂತಿಲ್ಲ, ವೈದ್ಯರು ಪ್ರಮಾಣ ಇಳಿಸಿದ್ದಾರೆ. ಮೂರು ತಿಂಗಳಲ್ಲಿ ಸಕ್ಕರೆಯನ್ನು ಬೇರುಸಹಿತ ಕೀಳುತ್ತೇವೆ ಎನ್ನುವವರ ಜಾಹೀರಾತಿಗೆ ನನ್ನ ಕತೆ ಉಪಯೋಗಕ್ಕೆ ಬರುವುದಿಲ್ಲ. ನನ್ನ ತಮ್ಮ ಇನ್ನೂ ಗಡಿಯಲ್ಲಿದ್ದಾನೆ, 6.1. ಅವನಿಗೆ ಚೆನ್ನೈನ ವೈದ್ಯರು ನಡೆಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದ ಕತೆ ಹೇಳಿದೆ. 2006ರಲ್ಲಿ ಪ್ರಕಟವಾದದ್ದು. ಗಡಿಯಲ್ಲಿದ್ದ 531 ಜನರಲ್ಲಿ ಆಹಾರ, ನಡಿಗೆ ಬದಲಿಸಿಕೊಂಡ ಗುಂಪಿನವರು ಮೂರು ವರ್ಷಗಳಲ್ಲಿ ಕಾಯಿಲೆಗೆ ಬೀಳುವ ಸಂಭವ ಏನೂ ಮಾಡದ ಗುಂಪಿಗಿಂತ ಶೇಕಡ 28.5ರಷ್ಟು ಕಡಿಮೆಯಾಗಿತ್ತು. ತಮ್ಮ ಎಲ್ಲ ಕೇಳಿ, ‘ಹಾಗಾದರೆ ನಾಳೆಯಿಂದ ಸಕ್ಕರೆ ಪೂರ್ತಿ ಬಂದ್’ ಎಂದ. ಜೇಬಿನಿಂದ ಒಂದು ಖಾಲಿ ಪುಸ್ತಕ ತೆಗೆದು ಕೊಟ್ಟು, ಏಳು ದಿನ ಬರೆದುಕೊಂಡು ಬಾ ಎಂದು ಕಳುಹಿಸಿದೆ.

ಈ ಎರಡು ತಿಂಗಳ ನನ್ನ ಕೆಲಸ ಭಾನುವಾರದ ಬೆಣ್ಣೆ ದೋಸೆ. ಎರಡು ತಿನ್ನುತ್ತಿದ್ದದ್ದು ಒಂದಾಗಿ ವರ್ಷವಾಯಿತು. ಉಳಿದಿರುವುದು ಮೇಲೆ ಇಡುವ ಬೆಣ್ಣೆಯ ಉಂಡೆ. ಹೋದ ವಾರ ದೋಸೆ ಹಾಕುವವರ ಹತ್ತಿರ ಹೋಗಿ, ಯಾರಿಗೂ ಕೇಳದಂತೆ, ಬೆಣ್ಣೆ ಸ್ವಲ್ಪ ಕಡಿಮೆ ಇರಲಿ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಗಟ್ಟಿಯಾಗಿ ಕೇಳಿದರು: ‘ಯಾವ ಊರಿನಿಂದ ಬಂದಿದ್ದೀರಿ?’